ಫ್ಲೆಕ್ಸಿನ ಮೇಲೆ ನಾವು ಮೂವರು

ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟಿದ್ದೆವು. ನನ್ನ ಗಂಡ ಓಡಿಸುತ್ತಿದ್ದರು, ನಾಲ್ಕು ವರ್ಷದ ಮಗಳು ಮುಂದೆ ನಿಂತಿದ್ದಳು. ಅತ್ತೆಗೆಂದು ಕಟ್ಟಿಸಿಕೊಂಡಿದ್ದ ಹೂವು ಬಾಡದ ಹಾಗೆ ಮಡಿಲಲ್ಲಿಟ್ಟುಕೊಂಡು ನಾನು ಹಿಂದೆ ಕೂತಿದ್ದೆ. ಮಾಚೇನಹಳ್ಳಿ ದಾಟಿದ ಮೇಲೆ ಒಂದು ಬಸ್ ಸ್ಟಾಪಿನ ಹತ್ತಿರ ಮಗಳು ಕೈ ಚಾಚಿ, “ಅಮ್ಮಾ, ನಾವು” ಅಂದಳು.

ನಾನು ತಲೆಯೆತ್ತಿ ನೋಡಿದೆ. ಬಸ್ ಸ್ಟಾಪಿನ ಮೇಲೆ ಎರಡು ಆಳೆತ್ತರದ ಫ್ಲೆಕ್ಸ್. ಅದರಲ್ಲಿ ಹಸಿರು ಸೀರೆ ಉಟ್ಟು ನಗುತ್ತಿದ್ದೆ ನಾನು. ಪಕ್ಕದಲ್ಲಿ ಪೇಡೆಯ ಡಬ್ಬಿ ಹಿಡಿದ ನನ್ನ ಗಂಡ. ನನ್ನ ತೋಳಿನಲ್ಲಿ ಮೂರು ತಿಂಗಳ ಕೂಸು. ಮೇಲೆ ದೊಡ್ಡ ಅಕ್ಷರದಲ್ಲಿ, ಒಂಬತ್ತು ವರ್ಷದ ಬಂಜೆತನ, ಇಂದು ಮಡಿಲು ತುಂಬಿದ ಮಗಳು. ಕೆಳಗೆ ಆಸ್ಪತ್ರೆಯ ಹೆಸರು, ಫೋನ್ ನಂಬರು.

ನನ್ನ ಗಂಡ ಅಲ್ಲಿ ನಿಲ್ಲಿಸಲಿಲ್ಲ. ಸ್ವಲ್ಪ ಮುಂದೆ ಹೋಗಿ, ರಸ್ತೆ ಪಕ್ಕ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಹಾಗೇ ಕೂತರು. ಬಸ್ಸುಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಕಿಟಕಿ ಪಕ್ಕ ಕೂತವರೆಲ್ಲ ಅದನ್ನು ಓದಿಕೊಂಡೇ ಹೋಗುತ್ತಾರಲ್ಲ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮಗಳು ಮಾತ್ರ ಖುಷಿಯಾಗಿದ್ದಳು. “ಇನ್ನೊಂದ್ಸಲ ನೋಡೋಣ” ಅಂತ ಹಟ ಹಿಡಿದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ನನ್ನ ಗಂಡನದು ಮೋಟಾರ್ ರಿವೈಂಡಿಂಗ್ ಅಂಗಡಿ. ನಮ್ಮ ಮನೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ಮಾವ ಕಾಗದದ ಕಾರ್ಖಾನೆಯಲ್ಲಿದ್ದವರು, ಈಗಿಲ್ಲ. ಅತ್ತೆ, ಭಾವ ಮತ್ತು ವಾರಗಿತ್ತಿಯ ಜೊತೆ ಭದ್ರಾವತಿಯ ಕಾಗದನಗರದ ಪಕ್ಕದಲ್ಲೇ ಇದ್ದಾರೆ. ಮದುವೆಯಾಗಿ ಒಂಬತ್ತು ವರ್ಷ ನಮಗೆ ಮಕ್ಕಳಾಗಲಿಲ್ಲ. ಕೊನೆಗೆ ಶಿವಮೊಗ್ಗದ ಒಂದು ಆಸ್ಪತ್ರೆಗೆ ಹೋದೆವು. ಪರೀಕ್ಷೆ ಮಾಡಿದ ಡಾಕ್ಟರು, ತೊಂದರೆ ಇರುವುದು ನನ್ನ ಗಂಡನಲ್ಲಿ ಅಂದರು. ಆ ದಿನ ಆಟೋದಲ್ಲಿ ಮನೆಗೆ ಬರುವಾಗ ಅವರ ಮುಖ ನೋಡಲಾರದೆ ನಾನೇ ಹೇಳಿದೆ, “ಮನೆಯಲ್ಲಿ ಯಾರಿಗೂ ಹೇಳೋದು ಬೇಡ ಬಿಡಿ.” ಅವರು ತಲೆ ಆಡಿಸಿದರು.

ಐವಿಎಫ್ ಮಾಡಿಸಿಕೊಂಡೆವು. ಎರಡು ಸಲ ಕೈಕೊಟ್ಟು, ಮೂರನೇ ಸಲ ನಿಂತಿತು. ನನಗೆ ಥೈರಾಯ್ಡ್ ಚಿಕಿತ್ಸೆ ಅಂತ ಅತ್ತೆಗೆ ಹೇಳಿದ್ದೆವು. ಅತ್ತೆ ಕೆಟ್ಟವರಲ್ಲ. ಆದರೆ ಆ ವರ್ಷಗಳಲ್ಲಿ ಯಾರದಾದರೂ ಸೀಮಂತಕ್ಕೆ ಹೋದರೆ ಆರತಿ ತಟ್ಟೆ ನನ್ನ ಕೈಗೆ ಬರುವ ಮೊದಲೇ ಅವರು ಅದನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದರು. “ನಮ್ಮ ಸೊಸೆಗೆ ಇನ್ನೂ ಇಲ್ಲ, ಅವಳ ಮೈಯೇ ಅಂಥದ್ದು” ಅಂತ ನನ್ನ ಎದುರೇ ಹೇಳುತ್ತಿದ್ದರು. ಮಗು ಹುಟ್ಟಿದಾಗ ದೇವರಿಗೆ ಹರಕೆ ತೀರಿಸಿ, ಕಾಗದನಗರಕ್ಕೆಲ್ಲ ದೇವರ ಮಹಿಮೆ ಹೇಳಿಕೊಂಡು ಬಂದರು.

ನಾಮಕರಣ ಮುಗಿಸಿ, ಡಾಕ್ಟರಿಗೆ ಪೇಡೆ ಕೊಡಲು ಹೋದಾಗ ನರ್ಸ್ ಒಬ್ಬರು, “ಒಂದು ಫೋಟೋ ಮೇಡಂ, ನಮ್ಮ ಆಲ್ಬಮ್ಮಿಗೆ” ಅಂದಿದ್ದರು. ನಾವು ನಿಂತೆವು, ನಕ್ಕೆವು. ಫ್ಲೆಕ್ಸಿನಲ್ಲಿದ್ದದ್ದು ನಾಲ್ಕು ವರ್ಷದ ಹಿಂದಿನ ಅದೇ ಫೋಟೋ.

ಆ ಭಾನುವಾರ ವಾಪಸ್ಸು ಹೋಗಿಬಿಡೋಣ ಅಂದೆ. “ಅಮ್ಮ ಅಡಿಗೆ ಮಾಡಿ ಕಾಯ್ತಿರ್ತಾಳೆ” ಅಂತ ಅವರು ಗಾಡಿ ಎಬ್ಬಿಸಿದರು. ಮನೆ ಮುಟ್ಟಿದಾಗ ಅತ್ತೆ ಹೂವು ತೆಗೆದುಕೊಂಡು ದೇವರಿಗೆ ಮುಡಿಸಿದರು. ಊಟಕ್ಕೆ ಬಡಿಸಿದರು. ಭಾವ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಆಗಲೇ ನನಗೆ ಗೊತ್ತಾಗಿಹೋಯಿತು, ಅವರು ನೋಡಿದ್ದಾರೆ. ನಾವು ಹೊರಡುವಾಗ ಅತ್ತೆ ಬಾಗಿಲವರೆಗೂ ಬಂದು, ಮೆಲ್ಲಗೆ, “ಥೈರಾಯ್ಡ್ ಅಂದಿದ್ದೆಯಲ್ಲ ನೀನು” ಅಂದರು. ಅವರು ಒಳಗೆ ಹೋದರು. ಆಮೇಲೆ ಎಷ್ಟೋ ದಿನ ಫೋನ್ ಮಾಡಲಿಲ್ಲ.

ಸೋಮವಾರ ಹತ್ತನೇ ಕ್ಲಾಸಿಗೆ ಹೋದೆ. ಪ್ರತಿ ದಿನ ಗದ್ದಲ ಮಾಡುವ ಮಕ್ಕಳು ಅವತ್ತು ಮೌನವಾಗಿ ಎದ್ದು ನಿಂತರು. ಯಾರೂ ನಗಲಿಲ್ಲ. ಒಬ್ಬರಾದರೂ ನಕ್ಕಿದ್ದರೆ ಬೈದು ಹಗುರಾಗುತ್ತಿದ್ದೆ.

ಸಂಜೆ ಆಸ್ಪತ್ರೆಗೆ ಹೋದೆ. ಅಲ್ಲಿಯ ಮ್ಯಾನೇಜರ್ ಚಿಕ್ಕ ವಯಸ್ಸಿನವರು, ಬಹಳ ಮರ್ಯಾದೆಯಿಂದ ಕೂರಿಸಿದರು. “ಮೇಡಂ, ಇದು ಪಾಸಿಟಿವ್ ವಿಷಯ ಅಲ್ವಾ? ನಿಮ್ಮನ್ನ ನೋಡಿ ಎಷ್ಟು ಜನಕ್ಕೆ ಧೈರ್ಯ ಬರುತ್ತೆ” ಅಂದರು.

“ನನ್ನ ಕೇಳಬೇಕಿತ್ತಲ್ಲ?”

“ಕೇಳಿದೀವಿ ಮೇಡಂ. ನೀವೇ ಸಹಿ ಮಾಡಿದೀರಿ.”

ಅವರು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಚಿಕಿತ್ಸೆ ಶುರುಮಾಡುವ ಮೊದಲು ಪುಟಪುಟಕ್ಕೂ ಸಹಿ ಹಾಕಿಸಿಕೊಂಡಿದ್ದ ಕಾಗದಗಳು. ಅದರಲ್ಲೊಂದು ಪುಟದ ಕೊನೆಯಲ್ಲಿ, ಶಿಕ್ಷಣ ಮತ್ತು ಪ್ರಚಾರಕ್ಕೆ ಚಿತ್ರಗಳನ್ನು ಬಳಸಬಹುದು ಅಂತ ಸಣ್ಣ ಇಂಗ್ಲಿಷಿನ ಒಂದು ಸಾಲು. ಸಹಿ ನನ್ನದೇ. ಅವತ್ತು ಏನಾಗುತ್ತದೋ ಅನ್ನುವ ಭಯದಲ್ಲಿ ಕೂತಿದ್ದ ನಾನು, ಅವರು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿದ್ದೆ.

ಫ್ಲೆಕ್ಸ್ ಒಂದು ವಾರಕ್ಕೆ ಇಳಿಯಿತು. ಆದರೆ ಅದೇ ಫೋಟೋ ಅವರ ಇನ್‌ಸ್ಟಾಗ್ರಾಮಿನಲ್ಲಿ ಉಳಿಯಿತು. ಪೇಪರಿನ ಮಡಿಕೆಯಲ್ಲಿ ಕರಪತ್ರವಾಗಿ ನಮ್ಮ ಬೀದಿಗೂ ಬಂತು. ನಾನು ಮತ್ತೆ ಮತ್ತೆ ಬರೆದು ಕೇಳಿದೆ. ಉತ್ತರ ಬರಲಿಲ್ಲ. ಜನರ ಖಾಸಗಿ ಮಾಹಿತಿಯನ್ನು ಯಾರಾದರೂ ಹೀಗೆ ಬಳಸಿಕೊಂಡರೆ ದೂರು ಕೇಳಲು ಒಂದು ಮಂಡಳಿ ಇದೆ ಅಂತ ಪೇಪರಿನಲ್ಲಿ ಓದಿದ್ದೆ. ಮನೆಯಲ್ಲೇ ಕೂತು ಮೊಬೈಲಿನಲ್ಲೇ ದೂರು ಕೊಟ್ಟೆ. ವಕೀಲರು ಬೇಕಾಗುತ್ತೆ ಅಂತ ಅನ್ನಿಸಲೇ ಇಲ್ಲ. ತಪ್ಪು ಅಷ್ಟು ದೊಡ್ಡದಾಗಿ ಬಸ್ ಸ್ಟಾಪಿನ ಮೇಲೆ ನಿಂತಿತ್ತು.

ವಿಚಾರಣೆಯೂ ಮೊಬೈಲಿನಲ್ಲೇ ನಡೆಯಿತು. ಆಸ್ಪತ್ರೆಯ ಕಡೆಯ ವಕೀಲರು ಸಹಿಯ ಪುಟ ತೋರಿಸಿದರು. ನಾವು ಅವರಲ್ಲಿ ಚಿಕಿತ್ಸೆ ಪಡೆದದ್ದು ನಿಜ ಅಂತ ತೋರಿಸಲು ನಮ್ಮ ಪೂರ್ತಿ ಫೈಲನ್ನೇ ಮಂಡಳಿಗೆ ಕಳಿಸಿದ್ದಾರೆ ಅಂತ ಆಗ ತಿಳಿಯಿತು. ನನಗೆ ಇರುಸುಮುರುಸಾಯಿತು. ಆದರೂ ಅದು ಮಂಡಳಿಯವರ ಹತ್ತಿರ ತಾನೇ ಇರುತ್ತೆ ಅಂದುಕೊಂಡು ಸುಮ್ಮನಾದೆ.

ಆದೇಶ ಬಂದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಮೊದಲ ಸಲ ಓದಿದಾಗ ಬೇರೆ ಯಾರದೋ ಕೇಸಿನ ಆದೇಶ ನನಗೆ ಬಂದಿದೆ ಅಂದುಕೊಂಡೆ. ದೂರುದಾರರು ಸಹಿ ಹಾಕಿದ್ದಾರೆ. ಫೋಟೋದಲ್ಲಿ ನಗುತ್ತಿದ್ದಾರೆ, ಅಂದರೆ ಬಲವಂತವಿಲ್ಲ. ದೂರು ವಜಾ. ಇದಿಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಕೊನೆಯಲ್ಲಿ ಇನ್ನೊಂದಿತ್ತು. ಇದು ಕ್ಷುಲ್ಲಕ ದೂರು, ಮುಂದೆ ಹೀಗೆ ಮಾಡಬಾರದೆಂದು ದೂರುದಾರರಿಗೆ ಎಚ್ಚರಿಕೆ ಕೊಡಲಾಗಿದೆ.

ಪಾಠ ಕೇಳದ ಹುಡುಗರಿಗೆ ನಾನು ಎಚ್ಚರಿಕೆ ಕೊಡುತ್ತೇನೆ. ನನಗೆ ಯಾರೂ ಕೊಟ್ಟಿರಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಮನೆಗೆ ಬಂದು ಹೇಳಿದಾಗ ನನ್ನ ಗಂಡ, “ಹೋಗ್ಲಿ ಬಿಡು. ಮೇಲ್ಮನವಿ ಅಂತ ಹೋದ್ರೆ ಅಲ್ಲಿ ಇನ್ನೊಂದಿಷ್ಟು ಜನ ಓದ್ತಾರೆ. ಸಾಕು ಮಾರಾಯ್ತಿ” ಅಂದರು. ಅವರ ಮಾತಲ್ಲೂ ಅರ್ಥವಿತ್ತು. ನಾನೂ ಬಿಟ್ಟೇಬಿಡುತ್ತಿದ್ದೆನೋ ಏನೋ.

ಕೆಲವು ದಿನ ಬಿಟ್ಟು ವಾರಗಿತ್ತಿ ಫೋನ್ ಮಾಡಿದಳು. ಅವಳ ದನಿ ಎಂದಿನ ಹಾಗಿರಲಿಲ್ಲ.

“ಬೇಜಾರು ಮಾಡ್ಕೋಬೇಡ ಕಣೆ. ನಿನ್ನ ಕೇಸು ಏನಾಯ್ತು ಅಂತ ಗೂಗಲ್‌ನಲ್ಲಿ ನಿನ್ನ ಹೆಸರು ಹಾಕಿ ನೋಡಿದೆ. ಆರ್ಡರ್ ಪೂರ್ತಿ ಅಲ್ಲಿದೆ. ಏನು ಬರೆದಿದ್ದಾರೆ ಓದು ಅಂತ ಅತ್ತೆ ಅಂದರು. ಓದುತ್ತಾ ಹೋದೆ. ನಿನ್ನ ಗಂಡನ ವಿಷಯ ಬಂದುಬಿಡ್ತು. ಅರ್ಧಕ್ಕೆ ನಿಲ್ಲಿಸೋಕೆ ಹೋದೆ, ಅತ್ತೆ ಬಿಡಲಿಲ್ಲ.”

ನನಗೆ ಅರ್ಥವಾಗಲಿಲ್ಲ. ಶಾಲೆಯ ಕಾರಿಡಾರಿನಲ್ಲಿ ನಿಂತು ನನ್ನ ಹೆಸರು ಟೈಪ್ ಮಾಡಿದೆ. ಮೊದಲು ಬಂದದ್ದೇ ಮಂಡಳಿಯ ಆದೇಶ. ಯಾರು ಬೇಕಾದರೂ ತೆಗೆದು ಓದಬಹುದಿತ್ತು. ನನ್ನ ಹೆಸರು, ಗಂಡನ ಹೆಸರು, ಮಗಳ ಹೆಸರು. ನನಗೆ ಬಂದ ಪ್ರತಿಯಲ್ಲಿ ಕೋಪದ ಭರದಲ್ಲಿ ನಾನು ಸರಿಯಾಗಿ ಓದದೆ ಬಿಟ್ಟಿದ್ದ ಒಂದು ಭಾಗದಲ್ಲಿ ಪ್ರಕರಣದ ಹಿನ್ನೆಲೆ ಅಂತ ನಮ್ಮ ಚಿಕಿತ್ಸೆಯ ವಿವರ. ದೋಷ ಇದ್ದದ್ದು ಪುರುಷನಲ್ಲಿ, ಇಂಥ ಪರೀಕ್ಷೆಯಲ್ಲಿ ಇಂಥ ಫಲಿತಾಂಶ. ಒಂದು ಫ್ಲೆಕ್ಸಿನ ವಿರುದ್ಧ ದೂರು ಕೊಡಲು ಹೋಗಿದ್ದೆ. ಫ್ಲೆಕ್ಸಿನಲ್ಲಿ ಇಲ್ಲದಿದ್ದದ್ದನ್ನೂ, ಮಾಹಿತಿ ಕಾಯಬೇಕಾದವರೇ ಊರ ಮುಂದೆ ಇಟ್ಟಿದ್ದರು. ಮಧ್ಯಾಹ್ನದ ಬೆಲ್ ಹೊಡೆದದ್ದು ಕೇಳಿಸಿತು.

ರಜೆ ಹಾಕಿ ನೇರ ಅಂಗಡಿಗೆ ಹೋದೆ. ಅವರು ಒಂದು ಪಂಪ್‌ಸೆಟ್ ಬಿಚ್ಚಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದರು. ನಾನು ಹೇಳಿದೆ. ಅವರು ಮಷೀನ್ ಆಫ್ ಮಾಡಿದರು. ನನ್ನ ಮೊಬೈಲ್ ಇಸಿದುಕೊಂಡು ಓದಿದರು. ಇಂಗ್ಲಿಷ್ ಅವರಿಗೆ ನಿಧಾನ, ಒಂದೊಂದೇ ಪದ ಬೆರಳಿಟ್ಟು ಓದಿದರು. ಆ ಬೆರಳು ಆ ಸಾಲಿನ ಮೇಲೆ ಬಂದು ನಿಂತದ್ದನ್ನು ನೋಡಿದೆ. “ಅಮ್ಮಂಗೆ ಗೊತ್ತಾಯ್ತಾ?” ಅಂತ ಕೇಳಿದರು. ಹೂಂ ಅಂದೆ. ಅವರು ಅಂಗಡಿಯ ಶಟರ್ ಅರ್ಧ ಎಳೆದು ಒಳಗೆ ಹೋಗಿ ಕೂತರು.

ಮಾರನೇ ದಿನ ಅತ್ತೆ ಒಬ್ಬರೇ ಬಸ್ ಹತ್ತಿ ಹೊಸಮನೆಗೆ ಬಂದರು. ಬರುತ್ತೇನೆ ಅಂತ ಹೇಳಿರಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ.

“ಅವನಿಗೆ ಗೊತ್ತಿತ್ತಾ?” ಅಂದರು.

“ಗೊತ್ತಿತ್ತು ಅತ್ತೆ. ಇಬ್ಬರಿಗೂ ಒಟ್ಟಿಗೇ ಹೇಳಿದ್ರು.”

“ಆಮೇಲೂ ನಾನು ನಿನಗೆ ಅಂದಿದೀನಿ. ಅವನ ಎದುರೇ ಅಂದಿದೀನಿ. ಗೊತ್ತಿದ್ದೂ ಸುಮ್ಮನೆ ಕೂತಿದ್ದನಾ?”

ಅಷ್ಟೂ ಕಾಲದಲ್ಲಿ ನಾನು ಆ ಪ್ರಶ್ನೆಯನ್ನು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಹೇಳುವುದು ಬೇಡ ಅಂದವಳು ನಾನೇ. ಆದರೆ ಒಂದು ದಿನ ಆಟೋದಲ್ಲಿ ಮರುಕ ಬಂದು ಆಡಿದ ಮಾತನ್ನು ನನ್ನ ಗಂಡ ಕೊನೆಯವರೆಗೂ ಹಿಡಿದುಕೊಂಡಿದ್ದರು. ಎರಡು ಸಲ ಗರ್ಭ ನಿಲ್ಲದೆ ಮಲಗಿದ್ದಾಗಲೂ, ಅತ್ತೆ ನನ್ನ ಮೈಯನ್ನು ಬೈದಾಗಲೂ ಅವರು ಅಲ್ಲೇ ಇದ್ದರು. ಕೂತು ಊಟ ಮಾಡುತ್ತಿದ್ದರು. ಇದೆಲ್ಲ ಅವತ್ತು, ಅತ್ತೆಯ ಬಾಯಿಂದ, ಮೊದಲ ಸಲ ನನಗೆ ಕಂಡಿತು. ಫ್ಲೆಕ್ಸ್ ನೋಡಿದಾಗಲೂ ನನಗೆ ಅಷ್ಟು ಹೊಡೆತ ಬಿದ್ದಿರಲಿಲ್ಲ.

ಅವರು ಊಟಕ್ಕೆ ಬಂದಾಗ ಅತ್ತೆ ಅದೇ ಮಾತು ಕೇಳಿದರು.

“ಇವಳೇ ಬೇಡ ಅಂದಿದ್ದು” ಅಂದರು ನನ್ನ ಗಂಡ.

“ಅವಳು ಅಂದಳು. ನಿನಗೆ ಬಾಯಿರಲಿಲ್ವಾ?”

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಅತ್ತೆ ಸಂಜೆಯ ಬಸ್ಸಿಗೆ ಹೊರಟರು. ಹೋಗುವಾಗ ನನ್ನ ಭುಜ ಒಂದು ಸಲ ಹಿಡಿದು ಬಿಟ್ಟರು, ಅಷ್ಟೇ.

ಆ ವಾರ ನಾವಿಬ್ಬರೂ ಒಂದೇ ಮನೆಯಲ್ಲಿ ಗುರುತಿಲ್ಲದವರ ಹಾಗೆ ಓಡಾಡಿದೆವು. ಮಗಳು ಒಬ್ಬೊಬ್ಬರ ಹತ್ತಿರ ಬೇರೆ ಬೇರೆಯಾಗಿ ಬಂದು ಮಾತಾಡಿ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ನಾನು ಟಿಫಿನ್ ಕಟ್ಟುತ್ತಿದ್ದಾಗ ಅವರು ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತರು. “ಅಪೀಲು ಹಾಕು. ನನ್ನ ಹೆಸರೂ ಸೇರಿಸು” ಅಂದರು. ನಾನು ತಿರುಗಿ ನೋಡಿದೆ. “ನೀನೊಬ್ಬಳೇ ಹೋಗೋದು ಬೇಡ” ಅಂತ ಸೇರಿಸಿ, ಮಗಳನ್ನು ಎಬ್ಬಿಸಲು ಹೋದರು.

ಮೇಲ್ಮನವಿಗಿದ್ದ ಎರಡು ತಿಂಗಳ ಗಡುವಿನಲ್ಲಿ ಬಹಳ ದಿನ ಕಳೆದುಹೋಗಿತ್ತು. ಶಿವಮೊಗ್ಗದ ಕೋರ್ಟಿನ ಹತ್ತಿರ ಆಫೀಸಿದ್ದ ಒಬ್ಬ ವಕೀಲೆಯ ಹತ್ತಿರ ಹೋದೆವು. ಖಾರವಾಗಿ ಮಾತಾಡುವ ಹೆಂಗಸು. ಆದೇಶ ಓದಿ ಮುಗಿಸಿ, “ಮೊದಲೇ ಯಾಕೆ ಬರಲಿಲ್ಲ?” ಅಂತ ಬೈದರು. ಆಮೇಲೆ ಹೇಳಿದರು, “ನೋಡಿ, ಗೆದ್ದರೂ ನಿಮಗೆ ಪರಿಹಾರ ಅಂತ ಕೈಗೆ ಏನೂ ಬರಲ್ಲ. ದಂಡ ಬಿದ್ದರೂ ಅದು ಸರ್ಕಾರಕ್ಕೆ. ಆಮೇಲೆ ನನ್ನ ಮೇಲೆ ಕೂಗಾಡಬಾರದು.” ನಮಗೆ ಬೇಕಾಗಿದ್ದದ್ದು ಎರಡೇ. ಎಚ್ಚರಿಕೆ ತೆಗೆಯಬೇಕು, ಆ ಆದೇಶದಿಂದ ನಮ್ಮ ಹೆಸರು ತೆಗೆಯಬೇಕು.

ಮೇಲ್ಮನವಿ ಕೇಳುವ ನ್ಯಾಯಮಂಡಳಿ ಇರುವುದು ದೆಹಲಿಯಲ್ಲಿ. ನಾವು ಮಾತ್ರ ವಕೀಲೆಯ ಆಫೀಸಿನಲ್ಲಿ, ಲ್ಯಾಪ್‌ಟಾಪಿನ ಮುಂದೆ ಮೂರು ಕುರ್ಚಿ ಒತ್ತಾಗಿ ಹಾಕಿಕೊಂಡು ಕೂತೆವು. ಬೇರೆಯವರ ಕೇಸುಗಳೆಲ್ಲ ಮುಗಿದು ನಮ್ಮದು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಸ್ಪತ್ರೆಯ ವಕೀಲರು ಮತ್ತೆ ಸಹಿಯ ಪುಟ ತೋರಿಸಿದರು. ಪೀಠದಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಅದನ್ನು ನೋಡಿದರು.

“ಈ ಸಹಿ ಯಾವಾಗಿನದು?”

“ಚಿಕಿತ್ಸೆಗೆ ಮೊದಲಿನದು.”

“ಫ್ಲೆಕ್ಸಿನಲ್ಲಿ ಮಗುವಿದೆ. ಈ ಸಹಿ ಹಾಕಿದಾಗ ಮಗು ಎಲ್ಲಿತ್ತು?”

ವಕೀಲರು ಕಾಗದ ಮಗುಚಿದರು. ಮಗುವಿನ ಫೋಟೋ ಬಳಸಲು ತಂದೆತಾಯಿಯ ಒಪ್ಪಿಗೆ ಎಲ್ಲಿ ಅಂತ ಮತ್ತೊಂದು ಪ್ರಶ್ನೆ ಬಂತು. ನಮ್ಮ ವಕೀಲೆ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದರು. ಆಸ್ಪತ್ರೆಯ ವಕೀಲರು ಬೇರೆ ದಾರಿ ಹಿಡಿದರು. ಇದು ಸಂತೋಷದ ವಿಷಯ, ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಕುಟುಂಬಕ್ಕೆ ಯಾವ ನಷ್ಟವೂ ಆಗಿಲ್ಲ ಅಂದರು.

ಆಗ ನನ್ನ ಗಂಡ, “ನಾನು ಒಂದು ಮಾತು ಹೇಳಬಹುದಾ?” ಅಂತ ಕನ್ನಡದಲ್ಲೇ ಕೇಳಿದರು. ವಕೀಲೆ ಗಾಬರಿಯಾಗಿ ಅವರ ಕಡೆ ನೋಡಿ, ಅದನ್ನು ಪೀಠಕ್ಕೆ ಇಂಗ್ಲಿಷಿನಲ್ಲಿ ಹೇಳಿದರು. ಪೀಠದವರು ಹೇಳಲಿ ಅಂದರು. ಅಂಗಡಿಗೆ ಬಂದ ಗಿರಾಕಿಯ ಹತ್ತಿರವೂ ಎರಡು ಮಾತಿಗಿಂತ ಹೆಚ್ಚು ಆಡದ ಮನುಷ್ಯ.

“ನನ್ನಲ್ಲಿ ತೊಂದರೆ ಇದ್ದಿದ್ದು ನಿಜ. ಅದನ್ನ ನಮ್ಮಮ್ಮನಿಗೆ ನಾನು ಹೇಳಬೇಕಿತ್ತು. ಹೇಳಲಿಲ್ಲ. ಇವಳು ನನ್ನ ಬದಲು ಅನ್ನಿಸಿಕೊಂಡಳು. ಅದು ನನ್ನ ತಪ್ಪು, ಅದಕ್ಕೆ ಇವಳ ಹತ್ರ ನಾನು ಉತ್ತರ ಹೇಳ್ತೀನಿ. ಆದರೆ ಇವರು ಯಾರು ಅದನ್ನ ಊರಿಗೆ ಹೇಳೋಕೆ?”

ವಕೀಲೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದರು. ನಾನು ಪರದೆ ನೋಡುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡನ ಕಿವಿ ಕೆಂಪಗಾಗಿದ್ದನ್ನು ನೋಡುತ್ತಿದ್ದೆ.

ತೀರ್ಪು ಬರಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು. ದೂರು ಕ್ಷುಲ್ಲಕವಲ್ಲ, ಎಚ್ಚರಿಕೆ ರದ್ದು. ಚಿಕಿತ್ಸೆಯ ಕಾಗದದೊಳಗೆ ಸೇರಿಸಿ ಪಡೆದ ಸಹಿ ಪ್ರಚಾರಕ್ಕೆ ಕೊಟ್ಟ ಒಪ್ಪಿಗೆ ಅಲ್ಲ. ಮಂಡಳಿ ಈ ದೂರನ್ನು ಮೊದಲಿನಿಂದ ಮತ್ತೆ ಕೇಳಬೇಕು. ಪ್ರಕಟವಾದ ಆದೇಶದಲ್ಲಿ ನಮ್ಮ ಮೂವರ ಹೆಸರು ಮತ್ತು ಚಿಕಿತ್ಸೆಯ ವಿವರ ಅಳಿಸಬೇಕು. ನಾನು ಓದಿ ಹೇಳಿದಾಗ ನನ್ನ ಗಂಡ, “ಸರಿ” ಅಂದರು. ನಾವಿಬ್ಬರೂ ಸಿಹಿ ತರಲಿಲ್ಲ.

ಮಂಡಳಿಯ ಪುಟದಲ್ಲಿ ಈಗ ನಮ್ಮ ಹೆಸರಿನ ಜಾಗದಲ್ಲಿ ಬರೀ ಇಂಗ್ಲಿಷಿನ ಒಂದೊಂದು ಅಕ್ಷರ ಇದೆ. ಆದರೆ ಕಾನೂನಿನ ಸುದ್ದಿ ಹಾಕುವ ಒಂದೆರಡು ವೆಬ್‌ಸೈಟಿನವರು ಹಳೆಯ ಆದೇಶವನ್ನು ಆಗಲೇ ನಕಲು ಮಾಡಿಟ್ಟಿದ್ದರು. ಒಬ್ಬರು ನಾವು ಕೇಳಿದ ಕೂಡಲೇ ತೆಗೆದರು. ಇನ್ನೊಬ್ಬರು ಇನ್ನೂ ತೆಗೆದಿಲ್ಲ. ಆಸ್ಪತ್ರೆಯ ಮೇಲಿನ ದೂರು ಮತ್ತೆ ಮಂಡಳಿಯ ಮುಂದಿದೆ. ಕೆಲವೊಮ್ಮೆ ಶಾಲೆಯಲ್ಲಿ ಬಿಡುವಿದ್ದಾಗ ನನ್ನ ಹೆಸರು ಹಾಕಿ ನೋಡುತ್ತೇನೆ.

ಗಂಡನ ಮೇಲಿನ ಕೋಪ ಒಂದು ದಿನಕ್ಕೆ ಹೋಗುವಂಥದ್ದಾಗಿರಲಿಲ್ಲ. ಅವರೂ ಅದಕ್ಕೆ ಆತುರ ಮಾಡಲಿಲ್ಲ. ಒಂದು ಸಲ ನೆಂಟರೊಬ್ಬರ ಮನೆಯ ಸೀಮಂತದಲ್ಲಿ ಯಾರೋ ಹಳೇ ಮಾತು ಎತ್ತಿ, “ಇವಳಿಗೂ ಎಷ್ಟು ತಡವಾಯ್ತು ನೋಡಿ” ಅಂದಾಗ, ಗಂಡಸರ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ ಅವರು ಅಲ್ಲಿಂದಲೇ, “ತಡ ಆಗಿದ್ದು ನನ್ನಿಂದ” ಅಂದರು. ಅವರು ಅನ್ನಕ್ಕೆ ಸಾರು ಹಾಕಿಸಿಕೊಂಡು ಊಟ ಮುಂದುವರಿಸಿದರು.

ಮೊನ್ನೆ ರಜೆಯಲ್ಲಿ ಕಾಗದನಗರಕ್ಕೆ ಹೋಗಿದ್ದೆವು. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಅಕ್ಕಪಕ್ಕದ ಹೆಂಗಸರ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮಗಳು ಪಕ್ಕದಲ್ಲಿ ಸಿಪ್ಪೆಯ ಜೊತೆ ಆಡುತ್ತಾ, “ಅಜ್ಜಿ, ನಾನು ಎಲ್ಲಿಂದ ಬಂದೆ?” ಅಂತ ಕೇಳಿದಳು. ನಾನು ಒಳಗಿನಿಂದ ಬರುತ್ತಿದ್ದವಳು ಬಾಗಿಲಲ್ಲೇ ನಿಂತೆ. ಅತ್ತೆ ದೇವರ ಹೆಸರು ಹೇಳುತ್ತಾರೆ ಅಂದುಕೊಂಡೆ.

“ಶಿವಮೊಗ್ಗದ ಡಾಕ್ಟರ್ ಹತ್ರ ಹೋಗಿ ನಿನ್ನ ತಂದರು. ನಿಮ್ಮಮ್ಮ ಹೊಟ್ಟೆಗೆ ದಿನಾ ಸೂಜಿ ಚುಚ್ಚಿಸಿಕೊಂಡಳು. ಸುಮ್ಮನೆ ಬಂದವಳಲ್ಲ ನೀನು.”

ಪಕ್ಕದ ಹೆಂಗಸರು ತಲೆಯೆತ್ತಲಿಲ್ಲ, ಸುಲಿಯುವ ಕೈ ಮಾತ್ರ ನಿಧಾನವಾಯಿತು. ಇಷ್ಟು ಹೋರಾಡಿ ಮುಚ್ಚಿಸಿದ್ದನ್ನು ಅತ್ತೆ ಹಿತ್ತಲಲ್ಲಿ ಕೂತು ಹೇಳಿಬಿಟ್ಟಿದ್ದರು. ಬೈಯಬೇಕು ಅಂತಲೂ ಅನ್ನಿಸಲಿಲ್ಲ, ಸರಿ ಅಂತಲೂ ಅನ್ನಿಸಲಿಲ್ಲ.

“ಎಷ್ಟು ಸೂಜಿ?” ಅಂತ ಮಗಳು ಕೇಳಿದಳು.

“ನನಗೇನು ಗೊತ್ತು? ಚುಚ್ಚಿಸಿಕೊಂಡವಳನ್ನ ಕೇಳು” ಅಂತ ಅತ್ತೆ ನನ್ನ ಕಡೆ ತೋರಿಸಿದರು. ಆಗಲೇ ನಾನು ನಿಂತದ್ದು ಅವರಿಗೆ ಕಂಡದ್ದು. ಅವರ ಮುಖ ಸ್ವಲ್ಪ ಬಾಡಿತು. “ಹೇಳಬಾರದಿತ್ತೇನೆ?” ಅಂದರು.

ನಾನು ಉತ್ತರ ಹೇಳುವ ಮೊದಲೇ ಮಗಳು ಓಡಿ ಬಂದು ನನ್ನ ಸೆರಗು ಎಳೆದಳು. ಅವಳನ್ನು ಎತ್ತಿಕೊಂಡು ಹೋಗಿ, ಆ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತೆ. ಸೂಜಿ ಎಷ್ಟು ಉದ್ದ ಇತ್ತು ಅಂತ ಬೆರಳಲ್ಲಿ ತೋರಿಸಿದೆ. ಅವಳು ಅಷ್ಟುದ್ದಾ ಅಂತ ಕಣ್ಣು ಅರಳಿಸಿ, ನೋವಾಯ್ತಾ ಅಂತ ಕೇಳಿದಳು. ಆಯ್ತು ಅಂದೆ. ಅತ್ತೆ ನನ್ನ ಮುಂದೆ ಒಂದು ಬೊಗಸೆ ಅವರೆಕಾಯಿ ಸುರಿದರು.